ಬೆರಳು ತೋರಿಸಿ ಉಣ್ಣುವ ಊಟ: ಫಿಲಿಪೀನ್ಸಿನ ಮನೆರುಚಿ ಬೀದಿಗೆ ಬಂದ ಚರಿತ್ರೆ

ಮನಿಲಾ ನಗರದ ಬೀದಿಗಳಲ್ಲಿ 'ತುರೊ-ತುರೊ' ಎಂದು ಕರೆಯಲಾಗುವ ಊಟದ ಅಂಗಡಿಗಳಿವೆ. ತಗಾಲೊಗ್ ಭಾಷೆಯಲ್ಲಿ 'ತುರೊ' ಎಂದರೆ ಬೆರಳು ಮಾಡಿ ತೋರಿಸುವುದು. ಗಾಜಿನ ಹಿಂದೆ ಸಾಲಾಗಿ ಜೋಡಿಸಿದ ಪಾತ್ರೆಗಳಲ್ಲಿ ಬೆಳಗ್ಗೆಯೇ ಬೇಯಿಸಿಟ್ಟ ಮೇಲೋಗರಗಳಿರುತ್ತವೆ. ಬಂದವನು ತನಗೆ ಬೇಕಾದುದನ್ನು ಬೆರಳಿನಿಂದ ತೋರಿಸುತ್ತಾನೆ. ಬಡಿಸುವಾಕೆ ಅದನ್ನು ಅನ್ನದ ಜೊತೆಗೆ ತಟ್ಟೆಗೆ ಹಾಕಿಕೊಡುತ್ತಾಳೆ. ಪಟ್ಟಿ ಓದಬೇಕಾಗಿಲ್ಲ, ಹೆಸರು ಹೇಳಬೇಕಾಗಿಲ್ಲ. ಹಳ್ಳಿಯಿಂದ ನಿನ್ನೆ ಬಂದ ಕೂಲಿಯೂ, ಕಚೇರಿಯ ಗುಮಾಸ್ತನೂ, ಕಾಲೇಜು ಹುಡುಗನೂ ಅಲ್ಲಿ ಒಂದೇ ರೀತಿಯಲ್ಲಿ ಊಟ ಪಡೆಯುತ್ತಾರೆ. ಇಂಥ ಅಂಗಡಿಗೆ ಅಲ್ಲಿನ ಇನ್ನೊಂದು ಹೆಸರು 'ಕರಿಂಡೆರಿಯಾ'. ನಮ್ಮ ಖಾನಾವಳಿಗೆ ಅದಕ್ಕಿಂತ ಹತ್ತಿರದ ನಂಟು ಬೇರೆಲ್ಲೂ ಸಿಗಲಾರದು.

ಊರು ಬಿಟ್ಟು ಬಂದ ಮನುಷ್ಯ ಹೊಸ ನಗರದಲ್ಲಿ ಮೊದಲು ಹುಡುಕುವುದು ಕೆಲಸವನ್ನು, ಅದರ ಬೆನ್ನಿಗೇ ತನ್ನ ನಾಲಗೆಗೆ ಒಗ್ಗುವ ಊಟದ ಮನೆಯನ್ನು. ಹೊರನಾಡಿನಲ್ಲಿರುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ 'ಮನೆಯ ರುಚಿ' ಎಂದು ನಾವು ಕರೆಯುವ ವಸ್ತು ಮನೆಯಿಂದ ಹೊರಬಂದು ಮಾರಾಟದ ಸರಕಾಗುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಆ ದಾರಿಯಲ್ಲಿ ಎಷ್ಟು ನಾಚಿಕೆ, ಎಷ್ಟು ಅವಮಾನಗಳನ್ನು ಅದು ದಾಟಬೇಕಾಗುತ್ತದೆ ಎಂಬುದನ್ನು ತಿಳಿಯಲು ಫಿಲಿಪೀನ್ಸಿನ ಉದಾಹರಣೆಯಷ್ಟು ಸ್ಪಷ್ಟವಾದುದು ವಿರಳ. ಆ ದೇಶದ ಜನರಲ್ಲಿ ಸುಮಾರು 1 ಕೋಟಿ ಮಂದಿ ಇಂದು ಹೊರದೇಶಗಳಲ್ಲಿದ್ದಾರೆ. ಅವರ ಊಟದ ಚರಿತ್ರೆಯೆಂದರೆ ಬಹುಮಟ್ಟಿಗೆ ಅವರ ವಲಸೆಯ ಚರಿತ್ರೆಯೇ.

ಮೊದಲು ಅಡುಗೆಯನ್ನೇ ನೋಡೋಣ. ಫಿಲಿಪೀನೊ ಊಟದ ಬುಡದಲ್ಲಿರುವುದು ಅನ್ನ ಮತ್ತು ಹುಳಿ. 'ಸಿನಿಗಾಂಗ್' ಎಂಬ ಸಾರಿಗೆ ಎಳೆಯ ಹುಣಸೆಕಾಯಿ, ಮಾವಿನಕಾಯಿ, ಸೀಬೆ, ನಮ್ಮ ಕರಾವಳಿಯಲ್ಲಿ ಬಿಂಬುಳಿ ಎನ್ನುವ ಕಾಯಿ, ಇವುಗಳಲ್ಲಿ ಯಾವುದು ಹಿತ್ತಲಲ್ಲಿದೆಯೋ ಅದರ ಹುಳಿ ಹಿಂಡುತ್ತಾರೆ. ಅದರೊಳಗೆ ಮೀನೋ, ಮಾಂಸವೋ, ಸಿಗಡಿಯೋ ಬೇಯುತ್ತದೆ. ಒಂದು ಇಡೀ ಮೇಲೋಗರಕ್ಕೆ 'ಹುಳಿ' ಎಂದೇ ಹೆಸರಿಟ್ಟ ನಮಗೆ ಇದು ಅಪರಿಚಿತವಲ್ಲ. 'ಅಡೋಬೊ' ಎಂಬ ಇನ್ನೊಂದು ಅಡುಗೆಯಲ್ಲಿ ಮಾಂಸವನ್ನು ವಿನೆಗರ್, ಬೆಳ್ಳುಳ್ಳಿ, ಕರಿಮೆಣಸುಗಳೊಂದಿಗೆ ಬೇಯಿಸುತ್ತಾರೆ. ಆ ವಿನೆಗರ್ ತೆಂಗಿನ ಕಳ್ಳಿನಿಂದಲೋ, ಜೌಗು ನೆಲದ ನಿಪಾ ತಾಳೆಯ ರಸದಿಂದಲೋ ಆದದ್ದು. ಸೆಕೆಯ ನಾಡಿನಲ್ಲಿ ಮಾಂಸ ಕೆಡದಂತೆ ಕಾಪಾಡಲು ಕಂಡುಕೊಂಡ ಉಪಾಯವಿದು. ಹೆಸರು ಮಾತ್ರ ಸ್ಪಾನಿಷ್. 1613ರಲ್ಲಿ ಪೆದ್ರೊ ದೆ ಸಾನ್ ಬೂಯೆನಾವೆಂತೂರ ಎಂಬ ಪಾದ್ರಿ ತಗಾಲೊಗ್ ನಿಘಂಟೊಂದನ್ನು ಅಚ್ಚು ಹಾಕಿಸಿದಾಗ ಈ ಅಡುಗೆಯನ್ನು ನಾಡಿನವರ ಅಡೋಬೊ ಎಂದು ಗುರುತಿಸಿದ. ತನಗೆ ಪರಿಚಿತವಾದ ಮಾತನ್ನು ಅವನು ತನ್ನದಲ್ಲದ ಅಡುಗೆಗೆ ತೊಡಿಸಿದ. ಪಾತ್ರೆ ಬದಲಾಗಲಿಲ್ಲ, ಮೇಲಿನ ಚೀಟಿ ಬದಲಾಯಿತು.

ಇದಾದ ಮೇಲೆ ಬಂದವು ಎರಡು ದೊಡ್ಡ ಹೊಳೆಗಳು. ಒಂದು, ಚೀನೀಯರದು. ದಕ್ಷಿಣ ಚೀನಾದ ಹೊಕ್ಕಿಯನ್ ಭಾಷೆಯ ವರ್ತಕರು ಸ್ಪಾನಿಷರಿಗಿಂತ ಬಹಳ ಹಿಂದಿನಿಂದಲೇ ಈ ದ್ವೀಪಗಳಿಗೆ ಬರುತ್ತಿದ್ದರು. ಶ್ಯಾವಿಗೆಯ 'ಪಾನ್ಸಿತ್', ಸುರುಳಿ ಸುತ್ತಿದ 'ಲುಂಪಿಯಾ', ಸೋಯಾ ಗಿಣ್ಣಿನ 'ತೊಕ್ವಾ', ಸೋಯಾ ರಸದ 'ತೊಯೊ' ಇವೆಲ್ಲ ಅವರ ಮಾತಿನಿಂದ ಬಂದ ಹೆಸರುಗಳು. ಇನ್ನೊಂದು, ಮೆಕ್ಸಿಕೊದ್ದು. 1565ರಿಂದ 1815ರವರೆಗೆ, ಇನ್ನೂರೈವತ್ತು ವರ್ಷ, ಮನಿಲಾಕ್ಕೂ ಮೆಕ್ಸಿಕೊದ ಅಕಾಪುಲ್ಕೊ ಬಂದರಿಗೂ ನಡುವೆ ಸ್ಪೇನಿನ ಗ್ಯಾಲಿಯನ್ ಹಡಗುಗಳು ಓಡಾಡಿದವು. ಚೀನಾದ ರೇಷ್ಮೆ ಅತ್ತ ಹೋಯಿತು, ಮೆಕ್ಸಿಕೊದ ಬೆಳ್ಳಿ ಇತ್ತ ಬಂತು. ಬೆಳ್ಳಿಯ ಜೊತೆಗೆ ಮೆಕ್ಕೆಜೋಳ, ಟೊಮೇಟೊ, ಕೋಕೊ, ಕಡಲೆಕಾಯಿಗಳೂ ಬಂದವು. ಮೆಕ್ಸಿಕೊದಲ್ಲಿ ಜೋಳದ ಹಿಟ್ಟಿನಿಂದ ಮಾಡುತ್ತಿದ್ದ ಚಾಕೊಲೇಟಿನ ಅಂಬಲಿ ಇಲ್ಲಿ ಅಕ್ಕಿಯ ಗಂಜಿಯಾಗಿ 'ಚಂಪೊರಾಡೊ' ಎನಿಸಿಕೊಂಡಿತು. ಮಳೆಗಾಲದ ಬೆಳಗಿನಲ್ಲಿ ಈ ಸಿಹಿಗಂಜಿಗೆ ಫಿಲಿಪೀನೊಗಳು ನಂಜಿಕೊಳ್ಳುವುದು ಸುಟ್ಟ ಒಣಮೀನನ್ನು! ಕೇಳಿದವರು ಹುಬ್ಬೇರಿಸಬಹುದು, ಗಂಜಿಗೆ ಒಣಮೀನು ನಂಜಿಕೊಂಡು ಬೆಳೆದ ತುಳುನಾಡಿನವರಿಗೆ ಅರ್ಧದಷ್ಟಾದರೂ ಅರ್ಥವಾದೀತು.

ಮೂರನೆಯ ಹೊಳೆಯೊಂದಿದೆ. ಅದು ಸಣ್ಣದು, ಆದರೆ ಅದರ ಮೂಲ ನಮ್ಮ ಕಡೆಯದು. ಏಳು ವರ್ಷಗಳ ಯುದ್ಧದ ಕೊನೆಯಲ್ಲಿ ಬ್ರಿಟನ್ನಿಗೂ ಸ್ಪೇನಿಗೂ ಕಾಳಗ ಹತ್ತಿದಾಗ, 1762ರಲ್ಲಿ, ವಿಲಿಯಂ ಡ್ರೇಪರ್ ಮತ್ತು ನೌಕಾಧಿಪತಿ ಸ್ಯಾಮ್ಯುಯೆಲ್ ಕಾರ್ನಿಷರ ನೇತೃತ್ವದಲ್ಲಿ ಮದರಾಸಿನಿಂದ ಹೊರಟ ಪಡೆಯೊಂದು ಮನಿಲಾಕ್ಕೆ ಮುತ್ತಿಗೆ ಹಾಕಿತು. ಯುದ್ಧದ ಸುದ್ದಿಯೇ ತಲುಪಿರದ ಆ ನಗರ ಅಕ್ಟೋಬರಿನಲ್ಲಿ ಶರಣಾಯಿತು. ಪಡೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಕ್ಷಿಣ ಭಾರತದ ಸಿಪಾಯಿಗಳು ನೂರಾರು ಮಂದಿ ಇದ್ದರು. ನಗರವೇನೋ ಬ್ರಿಟಿಷರ ಕೈಗೆ ಬಂತು. ಆದರೆ ಹೊರಗಿನ ನಾಡನ್ನು ಸಿಮೊನ್ ದೆ ಆಂದಾ ಎಂಬ ಸ್ಪಾನಿಷ್ ಅಧಿಕಾರಿ ಪಾಂಪಾಂಗಾ ಪ್ರಾಂತ್ಯದಿಂದ ಕಾಪಾಡಿಕೊಂಡ. 1763ರ ಪ್ಯಾರಿಸ್ ಒಪ್ಪಂದದ ನಂತರ, 1764ರಲ್ಲಿ, ಬ್ರಿಟಿಷರು ಹಿಂದಿರುಗಿದರು. ಸಿಪಾಯಿಗಳಲ್ಲಿ ಕೆಲವರು ಹಿಂದಿರುಗಲಿಲ್ಲ. ಪಡೆ ಬಿಟ್ಟು ಮನಿಲಾದ ಪೂರ್ವಕ್ಕಿರುವ ಕಾಯಿಂತಾ ಮತ್ತು ಅದರ ಸುತ್ತಲಿನ ಊರುಗಳಲ್ಲಿ ನೆಲೆಸಿ, ಅಲ್ಲಿನ ಹೆಂಗಸರನ್ನು ಮದುವೆಯಾಗಿ, ಅಲ್ಲಿನವರೇ ಆಗಿಹೋದರು. ತಮ್ಮ ಮೂಲವನ್ನು ಆ ಸಿಪಾಯಿಗಳಿಗೆ ಜೋಡಿಸಿಕೊಳ್ಳುವ ಮನೆತನಗಳು ಕಾಯಿಂತಾದಲ್ಲಿ ಇಂದಿಗೂ ಇವೆ.

'ಕರಿಂಡೆರಿಯಾ' ಎಂಬ ಮಾತಿನೊಳಗಿರುವ 'ಕರಿ' ಈ ಸಿಪಾಯಿಗಳು ಬಿಟ್ಟುಹೋದದ್ದು ಎಂಬುದು ಫಿಲಿಪೀನ್ಸಿನಲ್ಲಿ ಬಹಳ ಕಾಲದಿಂದ ನಡೆದುಬಂದ ಮಾತು. ಅಲ್ಲಿನ ಹಬ್ಬದೂಟದ ರಾಜನೆನಿಸಿದ 'ಕರೆ-ಕರೆ'ಯೂ ಅವರದೇ ಎನ್ನುತ್ತಾರೆ: ತಮ್ಮೂರಿನ ಕರಿಯನ್ನು ನೆನೆದು, ಮಸಾಲೆ ಸಿಗದೆ, ಸಿಕ್ಕಿದ್ದರಲ್ಲೇ ಮಾಡಿಕೊಂಡ ಅಡುಗೆಯಂತೆ ಅದು. ಪಾಂಪಾಂಗಾದವರು ಇದನ್ನು ಒಪ್ಪುವುದಿಲ್ಲ. ಅದು ತಮ್ಮ ನಾಡಿನ ಅಡುಗೆ ಎಂಬುದು ಅವರ ವಾದ. ಪಾತ್ರೆಯೊಳಗೆ ಇಣುಕಿದರೆ ಕಾಣುವುದೇನು? ಎತ್ತಿನ ಬಾಲದ ಮಾಂಸ, ಬಾಳೆಹೂವು, ಬದನೆ, ಉದ್ದನೆಯ ಅಲಸಂದೆಕಾಯಿ. ಅದಕ್ಕೆ ಹುರಿದ ಅಕ್ಕಿ ಮತ್ತು ಕಡಲೆಕಾಯಿ ಅರೆದ ಗಟ್ಟಿ ಸಾರು, ಅನಾಟೊ ಬೀಜದ ಕೆಂಪು. ಕಡಲೆಕಾಯಿಯೂ ಅನಾಟೊವೂ ಅಮೆರಿಕ ಖಂಡದವು, ಗ್ಯಾಲಿಯನ್ ಹಡಗುಗಳಲ್ಲಿ ಬಂದವು. ಕೊತ್ತಂಬರಿಯಿಲ್ಲ, ಜೀರಿಗೆಯಿಲ್ಲ, ಅರಿಸಿನವಿಲ್ಲ. ಪಕ್ಕದಲ್ಲಿ ಕಡ್ಡಾಯವಾಗಿ ಇರಬೇಕಾದದ್ದು ಉಪ್ಪಿನಲ್ಲಿ ಹುದುಗಿಸಿದ ಸಿಗಡಿಯ 'ಬಗೊಓಂಗ್'. ಹೀಗಾಗಿ ಸಿಪಾಯಿಗಳ ಕಥೆಯನ್ನು ಅಡುಗೆ ತಾನಾಗಿ ಸಾಬೀತುಪಡಿಸುವುದಿಲ್ಲ. ಅದಕ್ಕೆ ಇರುವ ಆಧಾರ ಹೆಸರಿನ ಧ್ವನಿ ಮತ್ತು ಊರಿನ ನೆನಪು. ಆದರೂ ಆ ಕಥೆ ಇಷ್ಟು ಕಾಲ ಉಳಿದುಬಂದಿದೆ ಎಂಬುದೇ ಗಮನಿಸಬೇಕಾದ ಸಂಗತಿ. ಊರಿಗೆ ಮರಳದವನು ಊರಿನ ರುಚಿಯನ್ನು ಪರದೇಶದ ಪದಾರ್ಥಗಳಲ್ಲಿ ಕಟ್ಟಲು ಹೊರಟ ಎಂಬ ಕಥೆಯನ್ನು ಫಿಲಿಪೀನೊಗಳು ತಮ್ಮ ಹಬ್ಬದ ಅಡುಗೆಗೆ ಮೂಲಕಥೆಯಾಗಿ ಆರಿಸಿಕೊಂಡಿದ್ದಾರೆ.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಹೇಳಬಹುದು. 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ಆಂಗ್ಲೋ-ಇಂಡಿಯನ್ ಪದಕೋಶ 'ಕರಿ' ಶಬ್ದವನ್ನು ತಮಿಳಿನ ಮೂಲಕ್ಕೆ ಒಯ್ಯುತ್ತದೆ. ಜೊತೆಗೆ ಪೋರ್ಚುಗೀಸರು ಬಳಸಿಕೊಂಡ, ಗೋವೆಯಲ್ಲಿ ಉಳಿದುಬಂದ 'ಕರಿಲ್' ಎಂಬ ರೂಪ ಕನ್ನಡದ್ದೆಂದು ಹೇಳುತ್ತದೆ. ಏಷ್ಯಾದ ಬಂದರುಗಳಲ್ಲೆಲ್ಲ ಸುತ್ತಿದ ಈ ಪುಟ್ಟ ಮಾತಿನ ಪ್ರಯಾಣದಲ್ಲಿ ನಮ್ಮ ಭಾಷೆಗೂ ಒಂದು ಪಾಲು ಸಿಕ್ಕಿದೆ.

ಹೊರಗಿನ ಊಟಕ್ಕೆ ಫಿಲಿಪೀನ್ಸಿನಲ್ಲಿ ಪ್ರತಿಷ್ಠೆ ತಂದವು ಚೀನೀಯರ 'ಪಾನ್ಸಿತೆರಿಯಾ'ಗಳು. ಹತ್ತೊಂಬತ್ತನೆಯ ಶತಮಾನದ ಮನಿಲಾದಲ್ಲಿ ಪೇಟೆಗೆ ಬಂದವರು, ವಿದ್ಯಾರ್ಥಿಗಳು, ಗುಮಾಸ್ತರು ಉಣ್ಣುತ್ತಿದ್ದುದು ಅಲ್ಲಿ. ಆಳುವವರ ಭಾಷೆ ಸ್ಪಾನಿಷ್ ಆದ್ದರಿಂದ ಚೀನೀ ಅಡುಗೆಗೆ ಸ್ಪಾನಿಷ್ ಹೆಸರುಗಳನ್ನು ಹೊದಿಸಿ ಪಟ್ಟಿ ಬರೆದರು. ಹೊಸೆ ರಿಸಾಲ್ 1891ರಲ್ಲಿ ಪ್ರಕಟಿಸಿದ 'ಎಲ್ ಫಿಲಿಬುಸ್ತೆರಿಸ್ಮೊ' ಕಾದಂಬರಿಯ ಒಂದು ಅಧ್ಯಾಯ ನಡೆಯುವುದು ಇಂಥದೊಂದು ಪಾನ್ಸಿತೆರಿಯಾದಲ್ಲಿ. ಸ್ಪಾನಿಷ್ ಕಲಿಸುವ ಶಾಲೆ ಬೇಕೆಂದು ಹೋರಾಡಿ ಸೋತ ವಿದ್ಯಾರ್ಥಿಗಳು ಅಲ್ಲಿ ಸೇರಿ, ಬಂದ ಒಂದೊಂದು ತಟ್ಟೆಯನ್ನೂ ಒಬ್ಬೊಬ್ಬ ಅಧಿಕಾರಿಗೆ, ಪಾದ್ರಿಗೆ ಅರ್ಪಿಸಿ ಗೇಲಿ ಮಾಡುತ್ತಾರೆ. ಗದ್ದುಗೆಯ ಎದುರಿನಲ್ಲಿ ಆಡಲಾಗದ ಮಾತನ್ನು ಆಡಲು ಅವರಿಗೆ ಸಿಕ್ಕಿದ್ದು ಊಟದ ಮೇಜು. ಆ ಕಾದಂಬರಿಕಾರನನ್ನು 1896ರ ಡಿಸೆಂಬರ್ 30ರಂದು ಸ್ಪಾನಿಷ್ ಸರ್ಕಾರ ಗುಂಡಿಟ್ಟು ಕೊಂದಿತು.

ಆದರೆ ಈ ಎಲ್ಲ ಊಟದ ಮನೆಗಳಲ್ಲಿ ಮನೆಯ ಅಡುಗೆಗೆ ಸ್ಥಾನವಿರಲಿಲ್ಲ. 1898ರಲ್ಲಿ ಸ್ಪೇನಿನಿಂದ ಅಮೆರಿಕದ ಕೈಗೆ ದೇಶ ಹೋದ ಮೇಲೂ ಸ್ಥಿತಿ ಹಾಗೆಯೇ ಮುಂದುವರಿಯಿತು. ನೆಂಟರಿಗೆ ಬಡಿಸುವುದು ಸ್ಪಾನಿಷ್ ಅಡುಗೆ, ಹೊರಗೆ ಹೋದರೆ ಚೀನೀ ಅಡುಗೆ, ಆಧುನಿಕರಾದರೆ ಅಮೆರಿಕದ ಡಬ್ಬಿ ಆಹಾರ; ಸಿನಿಗಾಂಗ್ ಮಾತ್ರ ಬಾಗಿಲು ಹಾಕಿಕೊಂಡು ಮನೆಯವರಷ್ಟೇ ಉಣ್ಣುವುದು. ಶಾಲೆಗಳು ಇಂಗ್ಲಿಷಿನಲ್ಲಿ ನಡೆದವು, ಗೃಹವಿಜ್ಞಾನದ ಪಾಠಗಳು ಅಮೆರಿಕದ ಅಡುಗೆಮನೆಯನ್ನು ಆದರ್ಶವಾಗಿಸಿದವು. ಇದಕ್ಕೆ ಎದುರಾಗಿ ಈಜಿದವರಲ್ಲಿ ಇಬ್ಬರು ಹೆಂಗಸರನ್ನು ನೆನೆಯಬೇಕು. ಒಬ್ಬಾಕೆ ಮರಿಯಾ ಒರೊಸಾ. ಅಮೆರಿಕದ ಸಿಯಾಟಲ್‌ನಲ್ಲಿ ಓದಿ ಊರಿಗೆ ಮರಳಿದ ಈ ಆಹಾರ ವಿಜ್ಞಾನಿ, ಆಮದಿನ ಟೊಮೇಟೊ ಕೆಚಪ್ಪಿನ ಬದಲಿಗೆ ನಾಡಿನ ಬಾಳೆಹಣ್ಣಿನಿಂದ ಕೆಚಪ್ ಮಾಡುವ ವಿಧಾನ ಕಂಡುಹಿಡಿದಳು. ಎರಡನೆಯ ಮಹಾಯುದ್ಧದಲ್ಲಿ ಹಸಿದವರಿಗಾಗಿ ಸೋಯಾದಿಂದ ಪೌಷ್ಟಿಕ ಪುಡಿ ತಯಾರಿಸಿದಳು. 1945ರ ಫೆಬ್ರವರಿಯಲ್ಲಿ ಮನಿಲಾ ಕದನದ ಶೆಲ್ ದಾಳಿಗೆ ಬಲಿಯಾದಳು. ಇನ್ನೊಬ್ಬಾಕೆ, 'ಆಲಿಂಗ್ ಆಸಿಯಾಂಗ್' ಎಂದು ಪ್ರಸಿದ್ಧಳಾದ ಎಂಗ್ರಾಸಿಯಾ ಕ್ರೂಸ್-ರೆಯೆಸ್. ಆಕೆ 1936ರಲ್ಲಿ ಸಣ್ಣದಾಗಿ ತೊಡಗಿದ ತಿನಿಸಿನ ವ್ಯಾಪಾರವೇ ಬೆಳೆದು 'ಅರಿಸ್ಟೊಕ್ರಾಟ್' ಎಂಬ ಪ್ರಸಿದ್ಧ ಊಟದ ಮನೆಯಾಯಿತು. ಗೌರವಸ್ಥರು ಬಂದು ಕುಳಿತುಕೊಳ್ಳುವ ಮೇಜಿನ ಮೇಲೆ ಮನೆಯ ಅಡುಗೆಯನ್ನು ಧೈರ್ಯವಾಗಿ ಇಟ್ಟವಳು ಆಕೆ. ಆಗಬೇಕಾದ್ದು ಅಷ್ಟೇ ಇತ್ತು. ಅದಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇದೇ ಕಾಲದಲ್ಲಿ ಸಾಗರದಾಚೆ ಬೇರೊಂದು ಚರಿತ್ರೆ ನಡೆಯುತ್ತಿತ್ತು. 1904ರಲ್ಲಿ ಸೇಂಟ್ ಲೂಯಿಯ ಜಾಗತಿಕ ಮೇಳದಲ್ಲಿ ಸಾವಿರಕ್ಕೂ ಹೆಚ್ಚು ಫಿಲಿಪೀನೊಗಳನ್ನು ಪ್ರದರ್ಶನದ ವಸ್ತುಗಳಂತೆ ಇರಿಸಲಾಯಿತು. ಬೆಟ್ಟನಾಡಿನ ಇಗೊರೊಟ್ ಜನರು ವಿಶೇಷ ಆಚರಣೆಗಳಲ್ಲಷ್ಟೇ ಮಾಡುತ್ತಿದ್ದ ನಾಯಿಯ ಬಲಿಯನ್ನು ಅಲ್ಲಿ ನೋಡುಗರ ಕುತೂಹಲಕ್ಕಾಗಿ ಮತ್ತೆಮತ್ತೆ ನಡೆಸಿದರು. ಇಡೀ ಜನಾಂಗದ ಊಟಕ್ಕೆ ಅಂಟಿದ ಆ ಕಳಂಕ ತಲೆಮಾರುಗಳ ಕಾಲ ಮಾಸಲಿಲ್ಲ. 1906ರಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ 15 ಮಂದಿ ಹೋದರು. ಅವರ ಹಿಂದೆ ಸಾವಿರಾರು ಮಂದಿ ಹವಾಯಿಗೂ ಕ್ಯಾಲಿಫೋರ್ನಿಯಾಕ್ಕೂ ಹೋದರು. ಬಹುಪಾಲು ಒಂಟಿ ಗಂಡಸರು. ಬಿಳಿಯ ಹೆಣ್ಣನ್ನು ಮದುವೆಯಾಗಲು ಕಾನೂನು ಬಿಡಲಿಲ್ಲ, ಹೋಟೆಲುಗಳ ಬಾಗಿಲಲ್ಲಿ ಫಿಲಿಪೀನೊಗಳಿಗೆ ಪ್ರವೇಶವಿಲ್ಲವೆಂಬ ಫಲಕ ತೂಗಿದವು. 1934ರ ಕಾನೂನು ವರ್ಷಕ್ಕೆ 50 ಮಂದಿಗಷ್ಟೇ ಅಮೆರಿಕದ ಬಾಗಿಲು ತೆರೆಯಿತು.

ಇಂಥ ಗಂಡಸರಿಗೆ ಸ್ಟಾಕ್ಟನ್ ಪಟ್ಟಣದ 'ಲಿಟಲ್ ಮನಿಲಾ' ಕೇರಿ ಆಸರೆಯಾಯಿತು. ಅಲ್ಲಿ ಪಾಬ್ಲೊ ಮಬಲೋನ್ ನಡೆಸುತ್ತಿದ್ದ 'ಲಫಾಯೆಟ್ ಲಂಚ್ ಕೌಂಟರ್' ಎಂಬ ಊಟದ ಅಂಗಡಿಯಿತ್ತು. ಶತಾವರಿ ಹೊಲಗಳಲ್ಲಿ ಬಗ್ಗಿ ಕೊಯ್ದು ಬಂದವರು ಅಲ್ಲಿ ಅಡೋಬೊ, ಸಿನಿಗಾಂಗ್ ಉಣ್ಣುತ್ತಿದ್ದರು. ಸುಗ್ಗಿಯ ಹಿಂದೆ ಊರೂರು ಅಲೆಯುವ ಅವರಿಗೆ ವಿಳಾಸವಿರಲಿಲ್ಲ. ಕಾಗದ ಬರುತ್ತಿದ್ದುದು ಆ ಅಂಗಡಿಗೆ. 'ಅಮೆರಿಕ ಈಸ್ ಇನ್ ದ ಹಾರ್ಟ್' ಬರೆದ ಕಾರ್ಲೊಸ್ ಬುಲೊಸಾನ್ ಕೂಡ ಅದರ ವಿಳಾಸವನ್ನೇ ಬಳಸುತ್ತಿದ್ದ. ಮುಂದೆ ಹೆದ್ದಾರಿಗಾಗಿ ಆ ಕೇರಿಯ ಬಹುಭಾಗವನ್ನು ಕೆಡವಿದರು. ಅದರ ಚರಿತ್ರೆಯನ್ನು ಬರೆದವಳು ಮಬಲೋನರ ಮೊಮ್ಮಗಳೇ ಆದ ಇತಿಹಾಸಕಾರ್ತಿ ಡಾನ್ ಮಬಲೋನ್. ಊಟದ ಅಂಗಡಿಯೊಂದು ವಿಳಾಸವೂ ಅಂಚೆಪೆಟ್ಟಿಗೆಯೂ ಆಗುವ ಈ ಚಿತ್ರವನ್ನು ಮುಂಬಯಿಯ ಹಳೆಯ ಕನ್ನಡಿಗರು ತಟ್ಟನೆ ಗುರುತಿಸಿಯಾರು. ಊರಿನಿಂದ ಬಂದ ಹುಡುಗ ಹೋಟೆಲಿನಲ್ಲೇ ದುಡಿದು, ಹೋಟೆಲಿನಲ್ಲೇ ಮಲಗಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಮುಂದೆ ಬಂದ ಕಥೆಗಳು ನಮ್ಮಲ್ಲಿ ಮನೆಗೊಂದರಂತೆ ಇವೆ.

1974ರ ನಂತರ ಫಿಲಿಪೀನ್ಸ್ ಸರ್ಕಾರವೇ ದುಡಿಮೆಗಾರರನ್ನು ಹೊರದೇಶಕ್ಕೆ ಕಳಿಸುವುದನ್ನು ನೀತಿಯಾಗಿ ಕೈಗೆತ್ತಿಕೊಂಡಿತು. ನರ್ಸುಗಳು, ನಾವಿಕರು, ಮನೆಗೆಲಸದ ಹೆಂಗಸರು ಲಕ್ಷಗಟ್ಟಲೆ ಹೊರಟರು. ನಮ್ಮ ಕರಾವಳಿಯಿಂದ ಮುಂಬಯಿಗೆ ಬಂದು ಹಡಗು ಹತ್ತಿದ ಯುವಕರು ಫಿಲಿಪೀನೊ ಸಹೋದ್ಯೋಗಿಗಳ ಅಡೋಬೊವನ್ನು ಹಡಗಿನ ಊಟದ ಕೋಣೆಯಲ್ಲೇ ಮೊದಲು ಸವಿದಿರುತ್ತಾರೆ. ಹಾಂಗ್‌ಕಾಂಗಿನಲ್ಲಿ ಭಾನುವಾರ ಮನೆಗೆಲಸದ ಹೆಂಗಸರ ರಜೆಯ ದಿನ. ಅಂದು ಸೆಂಟ್ರಲ್ ಪ್ರದೇಶದ ಬ್ಯಾಂಕುಗಳ ಕೆಳಗೆ, ಮೇಲ್ಸೇತುವೆಗಳ ಮೇಲೆ ರಟ್ಟು ಹಾಸಿ ಕುಳಿತು ಅವರು ಡಬ್ಬಿ ಬಿಚ್ಚುತ್ತಾರೆ. ವಾರದ ಆರು ದಿನ ಇನ್ನೊಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರ ನಾಲಗೆಗೆ ಬೇಯಿಸುವವರು ಏಳನೆಯ ದಿನ ಬೀದಿಯಲ್ಲಿ ತಮ್ಮ ಊಟ ಉಣ್ಣುತ್ತಾರೆ. ಫಿಲಿಪೀನೊ ಊಟದ ಇಂದಿನ ಚರಿತ್ರೆಯಲ್ಲಿ ಯಾವ ಪ್ರಖ್ಯಾತ ರೆಸ್ಟೋರೆಂಟಿಗಿಂತಲೂ ದೊಡ್ಡ ಊಟದ ಮನೆ ಇದೇ. ಅದಕ್ಕೆ ಬಾಗಿಲಿಲ್ಲ, ಹೆಸರಿಲ್ಲ.

ಪ್ರಖ್ಯಾತಿಯೂ ಕೊನೆಗೆ ಬಂತು. ಏಮಿ ಬೆಸಾ ಮತ್ತು ರೋಮಿ ದೊರೊತಾನ್ ದಂಪತಿಗಳು 1995ರಲ್ಲಿ ನ್ಯೂಯಾರ್ಕಿನಲ್ಲಿ 'ಸೆಂಡ್ರಿಲಾನ್' ತೆರೆದರು, 2009ರಲ್ಲಿ 'ಪರ್ಪಲ್ ಯಾಮ್'. 2015ರಲ್ಲಿ ವಾಷಿಂಗ್ಟನ್ನಿನಲ್ಲಿ 24 ಕುರ್ಚಿಗಳ 'ಬ್ಯಾಡ್ ಸೇಂಟ್' ತೆರೆದಾಗ ಜನ ಗಂಟೆಗಟ್ಟಲೆ ಸಾಲು ನಿಂತರು. ಆ ಹೆಸರು ಲೂಸಿಯಾನಾದ ಜೌಗಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿದ್ದ ಫಿಲಿಪೀನೊ ಮೀನುಗಾರರ ಸೇಂಟ್ ಮಾಲೊ ಎಂಬ ಹಳ್ಳಿಯನ್ನು ನೆನಪಿಸುವಂಥದು. 2022ರಲ್ಲಿ ಷಿಕಾಗೊದ 'ಕಸಾಮಾ' ಮಿಷೆಲಿನ್ ತಾರೆ ಪಡೆಯಿತು. ಇದೆಲ್ಲ ಸಂತೋಷದ ವಿಷಯ. ಆದರೆ ಫಿಲಿಪೀನ್ಸಿನ ಆಹಾರ ಚರಿತ್ರೆಗೆ ತಳಹದಿ ಹಾಕಿದ ಡೊರೀನ್ ಫರ್ನಾಂಡೆಸ್ (1934–2002) ಬಹಳ ಹಿಂದೆಯೇ ತೋರಿಸಿಕೊಟ್ಟ ಅಳತೆಗೋಲು ಬೇರೆ. ಫಿಲಿಪೀನೊ ಮೇಜಿನ ಮೇಲೆ 'ಸವ್‌ಸಾವನ್' ಎಂಬ ಪುಟ್ಟ ಬಟ್ಟಲುಗಳಿರುತ್ತವೆ: ವಿನೆಗರ್, ಮೀನಿನ ರಸ, ಮೆಣಸು, ನಿಂಬೆಯ ಜಾತಿಯ ಕಲಮಾನ್ಸಿ. ಉಣ್ಣುವವನು ಅದರಿಂದ ತನ್ನ ತಟ್ಟೆಯ ರುಚಿಯನ್ನು ತಾನೇ ತಿದ್ದಿಕೊಳ್ಳುತ್ತಾನೆ. ಅಡುಗೆಯವನು ಇದನ್ನು ಅವಮಾನವೆಂದು ತಿಳಿಯುವುದಿಲ್ಲ. ಅಡುಗೆ ಮುಗಿಯುವುದು ಒಲೆಯ ಮೇಲಲ್ಲ, ಉಣ್ಣುವವನ ಕೈಯಲ್ಲಿ ಎಂಬುದು ಆಕೆಯ ಬರಹಗಳ ಮುಖ್ಯ ಒಳನೋಟಗಳಲ್ಲಿ ಒಂದು. ಹಾಗಾಗಿ ಹೊಸ ಊರಿನಲ್ಲಿ ಒಳ್ಳೆಯ ಫಿಲಿಪೀನೊ ಊಟದ ಮನೆಯನ್ನು ಹುಡುಕುವವರು ಗೋಡೆಯ ಅಲಂಕಾರವನ್ನಲ್ಲ, ಮೇಜಿನ ಮೇಲಿನ ಈ ಬಟ್ಟಲುಗಳನ್ನು ನೋಡಬೇಕು. ಹುಳಿ ಹುಳಿಯಾಗಿಯೇ ಇದೆಯೇ, ಹೊರಗಿನವರಿಗೆಂದು ಬಗೊಓಂಗ್ ಮರೆಯಾಗಿದೆಯೇ ಎಂದು ನೋಡಬೇಕು. ಮಧ್ಯಾಹ್ನದ ಹೊತ್ತಿಗೆ ನರ್ಸುಗಳೂ ನಾವಿಕರೂ ಬಂದು ಕೂರುತ್ತಾರೆಯೇ ಎಂದು ನೋಡಬೇಕು.

ಈ ಚರಿತ್ರೆಯ ಕನ್ನಡಿಯಲ್ಲಿ ನಮ್ಮ ಮುಖವೂ ಕಾಣುತ್ತದೆ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು, 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮನಾಯಕರು ನಮ್ಮ ಊಟವನ್ನು ಪರನಗರಗಳಲ್ಲಿ ಗೌರವದಿಂದ ನಿಲ್ಲಿಸಿದರು. ಇಡ್ಲಿ, ದೋಸೆಗಳು ಇಂದು ಇಡೀ ದೇಶದ ತಿಂಡಿ. ಆದರೆ ಅದೇ ಉಡುಪಿ ಹೋಟೆಲುಗಳ ಪಟ್ಟಿಯಲ್ಲಿ ಪಾವ್‌ಭಾಜಿಗೂ ಚೈನೀಸಿಗೂ ಸಿಕ್ಕಿದ ಜಾಗ ತಂಬುಳಿಗೆ, ಪತ್ರೊಡೆಗೆ, ಬಸ್ಸಾರಿಗೆ ಎಷ್ಟು ಕಡೆ ಸಿಕ್ಕಿದೆ? ಪಾನ್ಸಿತೆರಿಯಾಗಳ ಕಾಲದ ಸಿನಿಗಾಂಗಿನ ಹಾಗೆ ಅವು ಇನ್ನೂ ಬಾಗಿಲು ಹಾಕಿದ ಮನೆಯ ಅಡುಗೆಗಳಾಗಿಯೇ ಉಳಿದಿವೆ. ಮಾಡಬಲ್ಲ ಕೈಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ಮಾಡಬಲ್ಲವರ ಮಕ್ಕಳು ಪುಣೆ, ದೆಹಲಿ, ಹೈದರಾಬಾದುಗಳಲ್ಲಿ ಹುಟ್ಟಿ ಬೆಳೆದವರು. ಆಲಿಂಗ್ ಆಸಿಯಾಂಗ್ ಮಾಡಿದ್ದು ದೊಡ್ಡ ಸಂಶೋಧನೆಯೇನಲ್ಲ. ಮನೆಯಲ್ಲಿ ಉಂಡದ್ದನ್ನು ಹತ್ತು ಮಂದಿಯ ಎದುರು ಇಡಲು ಆಕೆ ನಾಚಿಕೊಳ್ಳಲಿಲ್ಲ. ನಮ್ಮ ಸಂಘಗಳ ವಾರ್ಷಿಕೋತ್ಸವದ ಊಟದ ಪಟ್ಟಿಯನ್ನು ಬರೆಯಲು ಕೂತಾಗಲಾದರೂ ಆಕೆಯನ್ನು ನೆನೆದರೆ ತಪ್ಪಾಗದು.